ಎದೆಯ ಮೇಲೆ ಸರ್ಫೇಸ್ ಪಿಯರ್ಸಿಂಗ್: ಉತ್ತರ ಕನ್ನಡದ ಹವೆಗೆ ತಕ್ಕ ಮಾರ್ಗದರ್ಶಿ

ಕಿವಿಯ ಹಾಲೆಯನ್ನೋ ಮೂಗಿನ ಹೊಳ್ಳೆಯನ್ನೋ ಚುಚ್ಚಿದಾಗ ಸೂಜಿ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬರುತ್ತದೆ. ಎದೆಯ ಮೇಲಿನ ಸರ್ಫೇಸ್ ಪಿಯರ್ಸಿಂಗ್‌ನಲ್ಲಿ ಹಾಗಿಲ್ಲ. ಚಪ್ಪಟೆಯಾದ ಚರ್ಮದಲ್ಲಿ ಸೂಜಿ ಒಂದು ಕಡೆ ಇಳಿದು, ಚರ್ಮದಡಿಯಲ್ಲೇ ಸ್ವಲ್ಪ ದೂರ ಸಾಗಿ, ಅದೇ ಮೇಲ್ಮೈಯಲ್ಲಿ ಮತ್ತೊಂದು ಕಡೆ ಮೇಲೇಳುತ್ತದೆ. ಹೊರಗೆ ಕಾಣುವುದು ಎರಡು ಚಿಕ್ಕ ಗುಂಡುಗಳು ಮಾತ್ರ. ಅವುಗಳ ನಡುವಿನ ಕಡ್ಡಿ ಪೂರ್ತಿ ಒಳಗಿರುತ್ತದೆ. ಕಾಲಿಗೆ ಹೊಕ್ಕ ಮುಳ್ಳಿನ ಚೂರನ್ನು ದೇಹ ದಿನ ಕಳೆದಂತೆ ಮೇಲಕ್ಕೆ ದೂಡುವ ಹಾಗೆ ಈ ಕಡ್ಡಿಯನ್ನೂ ದೂಡಲು ನೋಡುತ್ತದೆ, ಬಹಳ ಸಲ ದೂಡಿಯೂ ಬಿಡುತ್ತದೆ. ಆದ್ದರಿಂದ ಇದನ್ನು ಮೂಗುತಿಯಂತೆ ಜೀವಮಾನವಿಡೀ ಉಳಿಯುವ ಆಭರಣವೆಂದು ತಿಳಿಯಬಾರದು. ಕೆಲವರಲ್ಲಿ ಇದು ಕೆಲವೇ ತಿಂಗಳು ನಿಲ್ಲುತ್ತದೆ, ಚೆನ್ನಾಗಿ ಕೂತರೆ ಕೆಲವು ವರ್ಷ. ತೆಗೆಸುವ ದಿನವನ್ನೂ ಲೆಕ್ಕಕ್ಕೆ ಹಿಡಿದವರು ಮಾತ್ರ ಇದಕ್ಕೆ ಕೈಹಾಕಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಮುಂದಿನ ಸಲಹೆಗಳೆಲ್ಲ ಆ ಅಭಿಪ್ರಾಯದ ಮೇಲೆಯೇ ನಿಂತಿವೆ.

ಯಾರು ಚುಚ್ಚಿಸಿಕೊಳ್ಳಬಾರದು

ಎದೆಯ ನಡುವಿನ ಚರ್ಮಕ್ಕೆ ಒಂದು ಕೆಟ್ಟ ಹೆಸರಿದೆ. ಗಾಯ ಮಾಗಿದ ಮೇಲೂ ಕಲೆ ಬೆಳೆಯುತ್ತಲೇ ಹೋಗಿ, ಗಾಯದ ಅಂಚನ್ನು ದಾಟಿ ಗಟ್ಟಿಯಾದ, ತುರಿಸುವ, ಹೊಳೆಯುವ ಗಂಟಾಗುವ ಸ್ಥಿತಿಯನ್ನು ಕೀಲಾಯ್ಡ್ ಎನ್ನುತ್ತಾರೆ. ಭುಜ, ಬೆನ್ನಿನ ಮೇಲ್ಭಾಗ, ಕಿವಿಯ ಹಾಲೆಗಳ ಜೊತೆಗೆ ಎದೆಯೆಲುಬಿನ ಮೇಲಿನ ಜಾಗವೂ ಅದು ಹೆಚ್ಚಾಗಿ ಕಾಣಿಸಿಕೊಳ್ಳುವ ತಾಣ. ಕಪ್ಪು, ಎಣ್ಣೆಗಪ್ಪು ಮೈಬಣ್ಣದವರಲ್ಲಿ ಮತ್ತು ಹತ್ತರಿಂದ ಮೂವತ್ತು ವರ್ಷದೊಳಗಿನವರಲ್ಲಿ ಇದು ಹೆಚ್ಚು. ಅಂದರೆ ಎದೆಗೆ ಚುಚ್ಚಿಸಿಕೊಳ್ಳಲು ಉತ್ಸಾಹ ತೋರುವ ನಮ್ಮ ಊರಿನ ತರುಣ ತರುಣಿಯರೇ ಇದರ ಅಪಾಯಕ್ಕೂ ಹತ್ತಿರದವರು. ಕೀಲಾಯ್ಡ್ ಬಂದ ಮೇಲೆ ಅದನ್ನು ಕತ್ತರಿಸಿ ತೆಗೆದರೆ ಮುಗಿಯಿತು ಎನ್ನುವಂತಿಲ್ಲ. ಬರಿದೇ ಕತ್ತರಿಸಿದ್ದು ಮೊದಲಿಗಿಂತ ದೊಡ್ಡದಾಗಿ ಮರಳುವುದುಂಟು. ಚರ್ಮವೈದ್ಯರು ಗಂಟಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ವಾರಗಳ ಅಂತರದಲ್ಲಿ ಹಲವು ಬಾರಿ ಕೊಟ್ಟು ಅದನ್ನು ತಗ್ಗಿಸಬೇಕಾಗುತ್ತದೆ.

ಇದನ್ನು ಮೊದಲೇ ಅಂದಾಜು ಮಾಡಲು ಮನೆಯಲ್ಲೇ ಒಂದು ಸಾಕ್ಷಿಯಿದೆ. ಎಡತೋಳಿನ ಮೇಲಿರುವ ಬಿಸಿಜಿ ಲಸಿಕೆಯ ಗುರುತನ್ನು ಬೆರಳಿನಿಂದ ಸವರಿ ನೋಡಬೇಕು. ಅದು ತಗ್ಗಾಗಿದ್ದರೆ, ಇಲ್ಲವೇ ಚರ್ಮಕ್ಕೆ ಸಮವಾಗಿದ್ದರೆ ಒಳ್ಳೆಯದು. ಉಬ್ಬಿ ಗಟ್ಟಿಯಾಗಿದ್ದರೆ ಎದೆಯ ಆಸೆಯನ್ನು ಅಲ್ಲಿಗೇ ಬಿಡಬೇಕು. ಕಿವಿ ಚುಚ್ಚಿದ ಜಾಗದಲ್ಲಿ ಗಂಟು ಬಂದವರಿದ್ದರೆ, ಮೊಡವೆಯ ಕಲೆ ಎದೆಯ ಮೇಲೆ ಉಬ್ಬಿ ನಿಂತಿದ್ದರೆ, ತಾಯಿ, ತಂದೆ, ಒಡಹುಟ್ಟಿದವರಲ್ಲಿ ಕೀಲಾಯ್ಡ್ ಇದ್ದರೆ ಅದೇ ಮಾತು. ಗುರುತು ಸಮವಾಗಿದೆ ಎಂದ ಮಾತ್ರಕ್ಕೆ ಕೀಲಾಯ್ಡ್ ಬಾರದೆಂಬ ಭರವಸೆಯೇನೂ ಇಲ್ಲ, ಆದರೆ ಉಬ್ಬಿದ ಗುರುತು ಮಾತ್ರ ಸ್ಪಷ್ಟ ಎಚ್ಚರಿಕೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಕವಾಟದ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಸೋರಿಯಾಸಿಸ್ ಅಥವಾ ತೊನ್ನು ಇರುವವರಲ್ಲಿ ಚರ್ಮಕ್ಕೆ ಗಾಯವಾದಲ್ಲೇ ಹೊಸ ಮಚ್ಚೆ ಮೂಡಬಹುದು. ಹದಿನೆಂಟು ತುಂಬದವರಿಗೆ ಎದೆಯ ಪಿಯರ್ಸಿಂಗ್ ಮಾಡಲೇಬಾರದು. ಧನುರ್ವಾಯು ಲಸಿಕೆ ಹಾಕಿಸಿ ಹತ್ತು ವರ್ಷ ಕಳೆದಿದ್ದರೆ ಹಾಕಿಸಿಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು ಮುಗಿಯಲು ಆರು ತಿಂಗಳು ಬೇಕಾಗುವುದರಿಂದ ಅದನ್ನು ಮುಂಚಿತವಾಗಿಯೇ ಆರಂಭಿಸುವುದು ಜಾಣತನ. ರಕ್ತದಾನ ಮಾಡುವ ರೂಢಿಯವರು ಚುಚ್ಚಿಸಿಕೊಂಡ ಮೇಲೆ ಒಂದು ವರ್ಷ ರಕ್ತ ಕೊಡುವಂತಿಲ್ಲ ಎಂಬುದನ್ನು ನೆನಪಿಡಬೇಕು.

ಇನ್ನೊಂದು ವಿಷಯ ಭಟ್ಕಳ, ಹೊನ್ನಾವರದ ಕಡೆಯವರಿಗೆ ಮುಖ್ಯವಾದದ್ದು. ಕೊಲ್ಲಿ ದೇಶಗಳಿಗೆ ಉದ್ಯೋಗಕ್ಕೆ ಹೋಗುವ ಮುನ್ನ ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್-ರೇ ಇರುತ್ತದೆ, ಲೋಹದ ಕಡ್ಡಿ ಅದರಲ್ಲಿ ನೆರಳಾಗಿ ಕಾಣುತ್ತದೆ. ಮಾಗದ ಗಾಯದಿಂದ ಅದನ್ನು ತೆಗೆದರೆ ತೂತು ಬೇಗನೆ ಮುಚ್ಚಿಹೋಗುತ್ತದೆ, ಮತ್ತೆ ಹಾಕಲಾಗುವುದಿಲ್ಲ. ತಪಾಸಣೆ ಮುಗಿದ ಮೇಲೆಯೇ ಚುಚ್ಚಿಸಿಕೊಳ್ಳಬೇಕು.

ಕಾಲ ಮತ್ತು ಕಸುಬು

ಮೊದಲ ಎರಡು ಮೂರು ತಿಂಗಳು ಗಾಯ ಅತ್ಯಂತ ನಾಜೂಕಾಗಿರುತ್ತದೆ; ಪೂರ್ತಿ ಮಾಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಆ ಮೊದಲ ತಿಂಗಳುಗಳು ಯಾವ ಋತುವಿನಲ್ಲಿ ಬೀಳುತ್ತವೆ ಎಂಬುದು ಈ ಜಿಲ್ಲೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮಳೆಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗದೆ ಮುಗ್ಗು ವಾಸನೆ ಹಿಡಿಯುತ್ತದೆ. ಅದೇ ಬಟ್ಟೆ ಗಾಯದ ಮೇಲೆ ದಿನವಿಡೀ ಕೂರುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಎದೆಯ ನಡುವೆಯೇ ಹರಿಯುತ್ತದೆ. ಉಳಿದದ್ದು ನವೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ಹವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನವರಿಗೆ ಈ ಕಾಲದ ಚಳಿ ಇನ್ನಷ್ಟು ಅನುಕೂಲ.

ಆದರೆ ಋತು ಮತ್ತು ಕಸುಬು ಎಲ್ಲರಿಗೂ ಹೊಂದುವುದಿಲ್ಲ. ಅಡಿಕೆ ತೋಟದವರಿಗೆ ಕೊನೆ (ಅಡಿಕೆ ಗೊನೆ) ಕೊಯ್ಲು ಬರುವುದು ಇದೇ ತಿಂಗಳುಗಳಲ್ಲಿ. ಮರ ಹತ್ತುವಾಗ ಎದೆ ಮರಕ್ಕೆ ಉಜ್ಜುತ್ತದೆ, ಕೊನೆ ಹೊರುವಾಗ ಹಗ್ಗವೋ ಗೊನೆಯೋ ಎದೆಗೆ ತಾಗುತ್ತದೆ. ಮೀನುಗಾರರಿಗೆ ಯಾಂತ್ರಿಕ ದೋಣಿಗಳ ನಿಷೇಧದ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳೇ ಬಿಡುವು, ಅದು ಮಳೆಗಾಲದ ನಟ್ಟನಡುವೆ. ರಂಪಣಿ ಬಲೆ ಎಳೆಯುವವರಿಗೂ, ಮೀನು ಕೊಯ್ಯುವವರಿಗೂ ಉಪ್ಪುನೀರು ಮತ್ತು ಮೀನಿನ ನೀರು ಮೈಗೆ ಸಿಡಿಯುವುದು ತಪ್ಪುವುದಿಲ್ಲ. ಇಂಥ ಕೆಲಸದವರು ಎದೆಯನ್ನು ಬಿಟ್ಟು ಕಿವಿಯ ಮೇಲ್ಭಾಗವನ್ನೋ ಮೂಗನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಇರುವವರು ಇನ್ನೊಂದನ್ನು ಗಮನಿಸಬೇಕು: ಮಂಗನ ಕಾಯಿಲೆಯ ಕಾಲದಲ್ಲಿ ಅದನ್ನು ಹರಡುವ ಉಣ್ಣೆ ಹುಳ ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಹಚ್ಚಿಕೊಳ್ಳುವುದನ್ನು ಬಿಡಬಾರದು, ಆದರೆ ಅದನ್ನು ಕೈಕಾಲಿಗೆ ಮಾತ್ರ ಹಚ್ಚಿ ಗಾಯದ ಸುತ್ತ ಬಿಡಬೇಕು.

ಕೊರಳಲ್ಲಿ ಏನಿದೆ ಎಂಬುದೂ ಮುಖ್ಯ. ಕರಿಮಣಿ ಸರ, ಜನಿವಾರ, ಉದ್ದದ ಚೈನು, ಹಾಲಕ್ಕಿ ಹೆಂಗಸರು ಕೊರಳ ತುಂಬ ಧರಿಸುವಂಥ ಮಣಿಸರ, ಕಚೇರಿಯ ಗುರುತಿನ ಚೀಟಿಯ ಪಟ್ಟಿ ಇವೆಲ್ಲ ಎದೆಯ ನಡುವೆಯೇ ಇಳಿಯುತ್ತವೆ, ಗುಂಡಿಗೆ ಸಿಕ್ಕಿಕೊಳ್ಳುತ್ತವೆ. ಅವನ್ನು ತೆಗೆದಿಡಲು ಮನೆಯಲ್ಲಿ ಒಪ್ಪಿಗೆಯಿಲ್ಲದಿದ್ದರೆ ಕಡ್ಡಿಯ ಜಾಗವನ್ನು ಅವುಗಳ ದಾರಿಯಿಂದ ಸರಿಸಿ ಗುರುತಿಸಬೇಕು.

ಲೋಹ

ಎದೆಗೆ ಬೇಕಾದದ್ದು ಎರಡು ತುದಿಗಳಲ್ಲೂ 90 ಡಿಗ್ರಿಗೆ ಬಾಗಿದ, ನಡುವೆ ನೇರವಾಗಿ ಮಲಗುವ ಸರ್ಫೇಸ್ ಬಾರ್. ಸಾಮಾನ್ಯವಾಗಿ 14 ಗೇಜ್, ಅಂದರೆ 1.6 ಮಿಲಿಮೀಟರ್ ದಪ್ಪ. ಹೊಕ್ಕುಳಿಗೆ ಹಾಕುವ ಬಾಗಿದ ಕಡ್ಡಿಯನ್ನೋ ಹುಬ್ಬಿನ ಕಡ್ಡಿಯನ್ನೋ ಎದೆಗೆ ಹಾಕಿದರೆ ಅದರ ಬಾಗು ಚರ್ಮವನ್ನು ಒಳಗಿನಿಂದ ಒತ್ತುತ್ತಲೇ ಇದ್ದು ಬೇಗ ಹೊರಬೀಳುತ್ತದೆ. ಲೋಹ ಎಎಸ್‌ಟಿಎಂ ಎಫ್136 ದರ್ಜೆಯ ಟೈಟೇನಿಯಂ ಆಗಿರಬೇಕು. ಮೂಳೆಗೆ ಕೂರಿಸುವ ಪ್ಲೇಟು, ಸ್ಕ್ರೂಗಳಿಗೆ ಬಳಸುವ ದರ್ಜೆ ಅದೇ. ಗುಂಡಿನ ತಿರುಪು ಕಡ್ಡಿಯ ಒಳಗಡೆ ಇರಬೇಕು, ಏಕೆಂದರೆ ಹೊರಗಡೆ ತಿರುಪಿನ ಗೆರೆಯಿದ್ದರೆ ಕಡ್ಡಿ ಹಾಕುವಾಗಲೂ ತೆಗೆಯುವಾಗಲೂ ಅದು ಹಸಿ ಗಾಯವನ್ನು ಗೀರುತ್ತದೆ.

ನಮ್ಮಲ್ಲಿ ಚಿನ್ನವೆಂದರೆ 916 ಗುರುತಿನ 22 ಕ್ಯಾರೆಟ್ ಚಿನ್ನವೇ ಎಂಬ ನಂಬಿಕೆ ಗಟ್ಟಿಯಾಗಿದೆ. ಈ ಕೆಲಸಕ್ಕೆ ಅದು ತೀರ ಮೆದು. ಗೀರು ಬಿದ್ದ ಮೇಲ್ಮೈಯಲ್ಲಿ ಕೊಳೆ ನಿಲ್ಲುತ್ತದೆ. ಒಂದು ಗ್ರಾಂ ಚಿನ್ನದ ಆಭರಣವೆಂದು ಮಾರುವ ಲೇಪದ ಒಡವೆಗಳ ಒಳಗೆ ನಿಕ್ಕಲ್ ಇರಬಹುದು, ಲೇಪ ಸವೆದ ಮೇಲೆ ಅದು ಚರ್ಮಕ್ಕೆ ತಾಗುತ್ತದೆ. ಬೆಳ್ಳಿ ಹಸಿ ಗಾಯದಲ್ಲಿ ಕಪ್ಪಾಗಿ ಚರ್ಮದಲ್ಲಿ ಕಲೆ ಉಳಿಸುತ್ತದೆ. ಮನೆಯ ಒಡವೆಯನ್ನು ಕೊಟ್ಟು ಇದನ್ನೇ ಹಾಕಿ ಎಂದು ಕೇಳುವುದು ಬೇಡ.

ಚುಚ್ಚುವವರು

ಕಿವಿ ಚುಚ್ಚುವ ಅಕ್ಕಸಾಲಿಗಳ ಕೈಚಳಕದ ಬಗ್ಗೆ ಎರಡು ಮಾತಿಲ್ಲ, ಆದರೆ ಎದೆಯ ಸರ್ಫೇಸ್ ಪಿಯರ್ಸಿಂಗ್ ಅವರ ಕೆಲಸವಲ್ಲ. ಕಿವಿ ಚುಚ್ಚುವ ಗನ್ ಅಂತೂ ಇಲ್ಲಿ ಬಳಸಲೇಬಾರದ ಸಾಧನ. ಜಾತ್ರೆಯ ಮಳಿಗೆಗಳು, ಪ್ರವಾಸಿ ಋತುವಿನಲ್ಲಿ ಕಡಲತೀರದ ದಾರಿಗಳಲ್ಲಿ ಎದ್ದು ಮಳೆಗೆ ಮುಂಚೆ ಮಾಯವಾಗುವ ಮೇಜುಗಳು ಇವುಗಳಿಂದ ದೂರವಿರಬೇಕು. ಮೂರು ತಿಂಗಳ ನಂತರ ತೊಂದರೆಯಾದಾಗ ಚುಚ್ಚಿದವರು ಸಿಗುವುದಿಲ್ಲ ಎಂಬುದೊಂದೇ ಕಾರಣ ಸಾಕು. ಕಾರವಾರ, ಅಂಕೋಲೆಯವರು ಗೋವೆಗೆ, ಶಿರಸಿಯವರು ಹುಬ್ಬಳ್ಳಿಗೆ ಹೋಗಬೇಕಾಗಿ ಬಂದರೆ ಹೋಗಲಿ, ಆದರೆ ಎರಡು ಮೂರು ಸಲ ಮರಳಿ ಹೋಗಿ ತೋರಿಸಿಕೊಳ್ಳಲು ಸಮಯ ಮತ್ತು ಹಣ ಎರಡನ್ನೂ ಮೊದಲೇ ಎತ್ತಿಟ್ಟುಕೊಳ್ಳಬೇಕು.

ಸ್ಟುಡಿಯೋದಲ್ಲಿ ಕೇಳಬೇಕಾದ ಪ್ರಶ್ನೆಗಳಿಗೆ ನಾಚಿಕೊಳ್ಳಬಾರದು. ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ, ಅಂದರೆ 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಕನಿಷ್ಠ 15 ನಿಮಿಷ ಅಥವಾ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇಟ್ಟು ಶುದ್ಧಗೊಳಿಸುತ್ತಾರೆಯೇ? ಕುದಿನೀರಿಗೆ ಹಾಕುವುದು, ಬೆಂಕಿಗೆ ಹಿಡಿಯುವುದು, ಡೆಟಾಲ್‌ನಲ್ಲಿ ಅದ್ದುವುದು ಅದಕ್ಕೆ ಬದಲಿಯಲ್ಲ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯುತ್ತಾರೆಯೇ, ನಡುವೆ ಫೋನ್ ಮುಟ್ಟಿದರೆ ಕೈಗವಸು ಬದಲಿಸುತ್ತಾರೆಯೇ? ಎದೆಯ ಮೇಲೆ ಮಾಡಿದ ಕೆಲಸದ ಚಿತ್ರಗಳನ್ನು ತೋರಿಸಲು ಕೇಳುವಾಗ ಅದೇ ದಿನ ತೆಗೆದವಲ್ಲ, ಆರು ತಿಂಗಳು ಕಳೆದ ಮೇಲಿನವು ಬೇಕು ಎನ್ನಬೇಕು. ಅಂದು ತೆಗೆದ ಚಿತ್ರದಲ್ಲಿ ಎಲ್ಲವೂ ಅಂದವಾಗಿಯೇ ಇರುತ್ತದೆ. ನಿಮ್ಮ ಚರ್ಮವನ್ನು ನೋಡಿ, ಮುಟ್ಟಿ, ಇಲ್ಲಿ ಬೇಡ ಎಂದು ಹೇಳುವ ಧೈರ್ಯವಿರುವವರು ಸಿಕ್ಕರೆ ಅವರ ಮಾತನ್ನು ನಂಬಬಹುದು.

ಚುಚ್ಚುವ ದಿನ

ಹೊಟ್ಟೆ ತುಂಬ ಊಟ ಮಾಡಿ, ಮದ್ಯ ಮುಟ್ಟದೆ, ಮುಂದೆ ಗುಂಡಿಯಿರುವ ಸಡಿಲ ಹತ್ತಿಯ ಅಂಗಿ ತೊಟ್ಟು ಹೋಗಬೇಕು. ಮೊದಲು ಚರ್ಮ ಚಿವುಟಿ ನೋಡುವ ಪರೀಕ್ಷೆ: ಹೆಬ್ಬೆರಳು, ತೋರುಬೆರಳುಗಳ ನಡುವೆ ಚರ್ಮ ಸಲೀಸಾಗಿ ಮೇಲೆ ಬರಬೇಕು. ಎದೆಯೆಲುಬಿಗೆ ಅಂಟಿದಂತೆ ಬಿಗಿಯಾಗಿದ್ದರೆ ಕಡ್ಡಿ ಅಲ್ಲಿ ನಿಲ್ಲುವುದಿಲ್ಲ. ಗುರುತು ಹಾಕುವಾಗ ಮಲಗಿರಬಾರದು. ನಿಂತು, ಭುಜ ಸಡಿಲಿಸಿ, ಮಾಮೂಲಿ ಉಸಿರಾಡುತ್ತಿರಬೇಕು. ಬಳಿಕ ಕೈಗಳನ್ನು ಮೇಲೆತ್ತಿ, ಮುಂದಕ್ಕೆ ಬಾಗಿ, ಎರಡು ಚುಕ್ಕೆಗಳ ನಡುವಿನ ಚರ್ಮ ಎಷ್ಟು ಹಿಗ್ಗುತ್ತದೆ ಎಂದು ಕನ್ನಡಿಯಲ್ಲಿ ನೋಡಬೇಕು. ಕೊರಳೆಲುಬಿನ ಹತ್ತಿರ ತೋಳು ಆಡಿದಂತೆಲ್ಲ ಚರ್ಮ ಓಡಾಡುತ್ತದೆ. ಎದೆಯ ಕೆಳಭಾಗದಲ್ಲಿ ಬ್ರಾದ ನಡುಪಟ್ಟಿ ಉಜ್ಜುತ್ತದೆ. ಇವೆರಡರ ನಡುವೆ, ಎದೆಯೆಲುಬಿನ ಸಮತಟ್ಟಾದ ಭಾಗದಲ್ಲಿ ಜಾಗ ಸಿಕ್ಕರೆ ಉತ್ತಮ.

ಚುಚ್ಚುವ ಕ್ರಿಯೆ ಒಂದೆರಡು ನಿಮಿಷದ್ದು. ಟೊಳ್ಳು ಸೂಜಿ ಎರಡು ಚುಕ್ಕೆಗಳ ನಡುವೆ ಒಂದೇ ಆಳದಲ್ಲಿ ಸಾಗಬೇಕು. ತೀರ ಮೇಲ್ಪದರದಲ್ಲಿ ಸಾಗಿದರೆ ಕಡ್ಡಿ ಚರ್ಮದ ಮೂಲಕ ನೀಲಿಯಾಗಿ ಕಾಣುತ್ತದೆ, ಆಳಕ್ಕಿಳಿದರೆ ಗುಂಡುಗಳು ಚರ್ಮದೊಳಗೆ ಹೂತುಕೊಳ್ಳುತ್ತವೆ. ಮುಗಿದ ಮೇಲೆ ಎರಡು ಗುಂಡುಗಳೂ ಚರ್ಮಕ್ಕೆ ತಾಗಿಯೂ ತಾಗದಂತೆ, ಓರೆಯಾಗದೆ ಕೂತಿವೆಯೇ ಎಂದು ಅಲ್ಲೇ ಪರೀಕ್ಷಿಸಬೇಕು. ಓರೆಯಿದ್ದರೆ ಅಂದೇ ಹೇಳಬೇಕು. ಸ್ವಲ್ಪ ರಕ್ತ, ನೀಲಿಗಟ್ಟುವುದು, ಎರಡು ಮೂರು ದಿನದ ಊತ ಸಹಜ. ಮರಳುವ ದಾರಿಯಲ್ಲಿ ಬ್ಯಾಗಿನ ಪಟ್ಟಿ ಎದೆಗೆ ಅಡ್ಡ ಬರಬಾರದು. ಕಾರಿನಲ್ಲಾದರೆ ಸೀಟ್ ಬೆಲ್ಟ್ ಬಿಚ್ಚದೆ, ಗಾಯದ ಮೇಲೆ ದಪ್ಪಗೆ ಗಾಜ್ ಬಟ್ಟೆ ಹಾಸಿಕೊಳ್ಳಬೇಕು.

ಆರೈಕೆ

ದಿನಕ್ಕೆ ಎರಡು ಬಾರಿ, ಸೋಪಿನಿಂದ ಕೈ ತೊಳೆದ ಮೇಲೆ, ಔಷಧಿ ಅಂಗಡಿಯಲ್ಲಿ ಸಿಗುವ 0.9 ಶೇಕಡಾ ನಾರ್ಮಲ್ ಸಲೈನ್‌ನಲ್ಲಿ ತೋಯಿಸಿದ ಗಾಜ್ ಬಟ್ಟೆಯನ್ನು ಎರಡು ಮೂರು ನಿಮಿಷ ಗಾಯದ ಮೇಲೆ ಇಟ್ಟುಕೊಳ್ಳಬೇಕು. ಗುಂಡಿನ ಬುಡದಲ್ಲಿ ಕಟ್ಟಿದ ಬಿಳಿ ಅಥವಾ ತಿಳಿಹಳದಿ ಹಕ್ಕಳೆ ನೆನೆದು ತಾನಾಗಿ ಬಿಡುತ್ತದೆ, ಉಗುರಿನಿಂದ ಕೀಳಬಾರದು. ಆಮೇಲೆ ಒಣ ಗಾಜ್‌ನಿಂದ ಒತ್ತಿ ಒರೆಸಬೇಕು, ಟವೆಲ್ ಬೇಡ, ಅದರ ಎಳೆ ಗುಂಡಿಗೆ ಸಿಕ್ಕುತ್ತದೆ. ಒಡೆದ ಸಲೈನ್ ಬಾಟಲಿಯನ್ನು ಮರುದಿನಕ್ಕೆ ಇಡಬಾರದು, ಹಾಗಾಗಿ ಸಿಗುವುದರಲ್ಲಿ ಚಿಕ್ಕದನ್ನೇ ಕೊಳ್ಳಬೇಕು. ಕಡ್ಡಿಯನ್ನು ತಿರುಗಿಸುವ, ಜಗ್ಗಿ ನೋಡುವ ಹಳೆಯ ರೂಢಿಯನ್ನು ಪೂರ್ತಿ ಬಿಡಬೇಕು. ಬೋರಲಾಗಿ ಮಲಗಬಾರದು.

ಉಪ್ಪುನೀರು ಎಂದಾಗ ಮನೆಯ ಉಪ್ಪನ್ನು ಬಿಸಿನೀರಿಗೆ ಹಾಕಿಕೊಳ್ಳುವವರಿದ್ದಾರೆ. ಸಾಣಿಕಟ್ಟೆಯ ಉಪ್ಪು ಮಾವಿನಮಿಡಿಗೆ ಎಷ್ಟು ಒಳ್ಳೆಯದೋ ಗಾಯಕ್ಕೆ ಅಷ್ಟಲ್ಲ. ಒಂದು ಲೀಟರಿಗೆ 9 ಗ್ರಾಂ ಎಂಬ ಅಳತೆ ಕೈಅಂದಾಜಿನಲ್ಲಿ ಬರುವುದಿಲ್ಲ, ಹೆಚ್ಚಾದರೆ ಚರ್ಮ ಒಣಗಿ ಬಿರಿಯುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ರಸ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಹಿಮ್ಮಡಿ ಒಡೆದಾಗ ನಮ್ಮ ಕಡೆ ಹಚ್ಚುವ ಮುರುಗಲ ತುಪ್ಪವೂ ಇಲ್ಲಿ ತೂತಿನ ಬಾಯಿ ಮುಚ್ಚಿ ಒಳಗಿನ ದ್ರವ ಹೊರಬರದಂತೆ ಮಾಡುತ್ತದೆ. ಅಂಗಡಿಯ ಆಂಟಿಬಯಾಟಿಕ್ ಮುಲಾಮಿನದೂ ಅದೇ ಕತೆ. ದೀಪಾವಳಿಯ ಎಣ್ಣೆಸ್ನಾನದ ದಿನ ಎದೆಗೆ ಎಣ್ಣೆ ತಾಗಿಸದಿರಬೇಕು. ಮನೆಯ ಹಿರಿಯರಿಗೆ ಇದು ಸರಿ ಕಾಣದಿದ್ದರೆ ಡಾಕ್ಟರು ಹೇಳಿದ್ದಾರೆ ಎನ್ನುವುದು ಎಲ್ಲ ಊರಿನಲ್ಲೂ ನಡೆಯುವ ಉಪಾಯ.

ಕಡಲಿನ ವಿಷಯ ಬೇರೆಯೇ ಹೇಳಬೇಕು. ಸಮುದ್ರಸ್ನಾನ ಗಾಯಕ್ಕೆ ಒಳ್ಳೆಯದು ಎಂಬ ಮಾತು ಕರಾವಳಿಯಲ್ಲಿ ಬಳಕೆಯಲ್ಲಿದೆ. ಸಮುದ್ರದ ನೀರಿನಲ್ಲಿ ಸುಮಾರು 3.5 ಶೇಕಡಾ ಉಪ್ಪಿರುತ್ತದೆ, ಸಲೈನ್‌ನ ನಾಲ್ಕು ಪಟ್ಟು. ಅದರ ಜೊತೆ ಸೂಕ್ಷ್ಮಜೀವಿಗಳೂ ಇರುತ್ತವೆ. ಬೆಚ್ಚಗಿನ, ಉಪ್ಪು ಕಡಿಮೆಯಿರುವ ನೀರಿನಲ್ಲಿ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವ ಅಳಿವೆಗಳ ನೀರು ಆ ಬಗೆಯದು. ತೆರೆದ ಗಾಯದ ಮೂಲಕ ಹೊಕ್ಕರೆ, ಅದರಲ್ಲೂ ಯಕೃತ್ತಿನ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇರುವವರಲ್ಲಿ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಬರುವಷ್ಟು ಸೋಂಕು ಹಬ್ಬಬಲ್ಲದು. ಆದ್ದರಿಂದ ಗಾಯ ಮಾಗುವವರೆಗೆ ಕಾರವಾರದ ಟಾಗೋರ್ ಕಡಲತೀರವಾಗಲಿ ಗೋಕರ್ಣದ ಓಂ ತೀರವಾಗಲಿ ದಡದಲ್ಲಿ ಅಡ್ಡಾಡಲು ಮಾತ್ರ. ಘಟ್ಟದ ಹೊಳೆ, ಜಲಪಾತ, ದೇವಸ್ಥಾನದ ಕೆರೆಗಳಿಗೂ ಇದೇ ನಿಯಮ. ನೇತ್ರಾಣಿಯಲ್ಲಿ ಸ್ಕೂಬಾ ಮುಳುಗು ಹಾಕುವ ಯೋಚನೆಯಿದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಬೇಕು, ಬಿಗಿಯಾದ ಮುಳುಗುಡುಪು ಕಡ್ಡಿಯನ್ನು ಒತ್ತುತ್ತದೆ.

ತೊಂದರೆಯ ಗುರುತುಗಳು ಮತ್ತು ತೆಗೆಸುವುದು

ಬುಡದಲ್ಲಿ ಸ್ವಲ್ಪ ಕೆಂಪು, ಆಗಾಗ ಒಸರುವ ತಿಳಿ ದ್ರವ ಸೋಂಕಲ್ಲ. ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಹಸಿರು ಹಳದಿಯ ನಾರುವ ಕೀವು ಬಂದರೆ, ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸೋಂಕಾಯಿತೆಂದು ಮನೆಯಲ್ಲೇ ಕಡ್ಡಿಯನ್ನು ಕಿತ್ತರೆ ತೂತುಗಳು ಮುಚ್ಚಿ ಕೀವು ಒಳಗೇ ಕಟ್ಟಿಕೊಳ್ಳಬಹುದು. ತೆಗೆಯಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಹೊರದೂಡುವಿಕೆ ನೋವಿಲ್ಲದೆಯೂ ನಡೆಯುತ್ತದೆ, ಹಾಗಾಗಿ ಕಣ್ಣಿನಿಂದಲೇ ಹಿಡಿಯಬೇಕು. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಚಿತ್ರ ತೆಗೆದಿಟ್ಟು ಹೋಲಿಸುವುದು ಸುಲಭ ದಾರಿ. ಗುಂಡುಗಳ ಕೆಳಗೆ ಕಡ್ಡಿಯ ಕಾಲು ಮೊದಲಿಗಿಂತ ಹೆಚ್ಚು ಕಾಣುತ್ತಿದ್ದರೆ, ಎರಡು ತೂತುಗಳ ನಡುವಿನ ಅಂತರ ಕಿರಿದಾಗುತ್ತಿದ್ದರೆ, ನಡುವಿನ ಚರ್ಮ ತೆಳ್ಳಗಾಗಿ ಸಿಪ್ಪೆ ಏಳುತ್ತಿದ್ದರೆ ಅದು ನಿಲ್ಲುವುದಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದು ಕಾದರೆ ಕಡ್ಡಿ ಚರ್ಮ ಸೀಳಿ ಹೊರಬಂದು ಉದ್ದದ ಕಲೆ ಉಳಿಯುತ್ತದೆ. ಗುರುತು ಕಂಡ ಕೂಡಲೇ ತೆಗೆಸಿದರೆ ಎರಡು ಚಿಕ್ಕ ಚುಕ್ಕೆಗಳಲ್ಲಿ ಮುಗಿಯುತ್ತದೆ. ಬಾಗಿದ ಕಾಲುಗಳಿರುವುದರಿಂದ ಇದನ್ನು ನೇರವಾಗಿ ಎಳೆಯಲಾಗದು, ಓರೆ ಮಾಡಿ ಜಾರಿಸಬೇಕು. ಆದ್ದರಿಂದ ಚುಚ್ಚಿದವರ ಬಳಿಗೋ ಚರ್ಮವೈದ್ಯರ ಬಳಿಗೋ ಹೋಗಬೇಕು.

ತೆಗೆಸಿದ ಮೇಲೆ ತೂತುಗಳು ಮುಚ್ಚುವವರೆಗೆ ಸಲೈನ್ ಆರೈಕೆ ಮುಂದುವರಿಯಬೇಕು. ಚರ್ಮ ಪೂರ್ತಿ ಕೂಡಿದ ಬಳಿಕ ಸಿಲಿಕೋನ್ ಜೆಲ್ ಅನ್ನು ಎರಡು ಮೂರು ತಿಂಗಳು ಹಚ್ಚಿ, ಆ ಜಾಗವನ್ನು ಬಿಸಿಲಿನಿಂದ ಮುಚ್ಚಿಟ್ಟರೆ ಕಲೆ ತಿಳಿಯಾಗುತ್ತದೆ. ಈ ಅವಧಿಯಲ್ಲಿ ಚುಕ್ಕೆಗಳು ಉಬ್ಬಿ ತುರಿಸತೊಡಗಿದರೆ ಆಗಲೇ ಚರ್ಮವೈದ್ಯರಿಗೆ ತೋರಿಸಬೇಕು, ಕೀಲಾಯ್ಡ್ ಚಿಕ್ಕದಿರುವಾಗ ಚುಚ್ಚುಮದ್ದಿಗೆ ಚೆನ್ನಾಗಿ ಬಗ್ಗುತ್ತದೆ. ಒಮ್ಮೆ ಹೊರದೂಡಿದ ಜಾಗದಲ್ಲೇ ಮತ್ತೆ ಚುಚ್ಚಿಸುವುದು ಬೇಡ. ಕಲೆಗಟ್ಟಿದ ಚರ್ಮ ಎರಡನೆಯ ಕಡ್ಡಿಯನ್ನು ಮೊದಲನೆಯದಕ್ಕಿಂತ ಬೇಗ ಹೊರಹಾಕುತ್ತದೆ.